ಮಾಯವ್ವನ ಕೋಳಿ, ನಮ್ಮತ್ತೆಯ ಬೆಕ್ಕು

ಮಾಯವ್ವ ಯಾರನ್ನಾದರೂ ಮರ್ಯಾದೆ ಕೊಟ್ಟು ಮಾತಾಡಿಸಿದಳೆಂದರೆ ಅವರ ಗ್ರಹಚಾರ ಕೆಟ್ಟಿತೆಂದೇ ಅರ್ಥ. ಬೇಕಾದವರನ್ನೆಲ್ಲ ಅವಳು ಏಕವಚನದಲ್ಲೇ ಕರೆಯುತ್ತಿದ್ದಳು. ಬಹುವಚನ ಇದ್ದದ್ದು ಬೆಕ್ಕುಗಳಿಗೆ, ಓಟು ಕೇಳಲು ಬರುವವರಿಗೆ, ಆಮೇಲೆ ನಮ್ಮ ಅತ್ತೆಗೆ. ನಾನು ಮದುವೆಯಾಗಿ ಗಡಿಯೂರು ಜತ್ತಕ್ಕೆ ಬಂದ ಹೊಸತು. ಒಂದು ಬೆಳಿಗ್ಗೆ ಹಿತ್ತಲ ಗೋಡೆಯಾಚೆಯಿಂದ, "ಬರ್ರಿ ಸಾಹೇಬ್ರ, ಬರ್ರಿ. ನಾಷ್ಟಾ ಆಗಿಲ್ಲೇನು? ಕುಂದ್ರಿ, ಬಡಿಗಿ ತಗೊಂಡ ಬರ್ತೀನಿ" ಎಂಬ ಮಾತು ಕೇಳಿಸಿತು. ಯಾರೋ ದೊಡ್ಡ ನೆಂಟರು ಬಂದಿರಬೇಕು, ಆದರೆ ಬಡಿಗೆ ಯಾಕೆಂದು ಇಣುಕಿದೆ. ಗೋಡೆಯ ಮೇಲೆ ನಮ್ಮನೆ ಬೆಕ್ಕು ಬಾಲ ಸುತ್ತಿಕೊಂಡು ಕೂತಿತ್ತು. ಕೆಳಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಒಣಕಲು ಹೆಂಗಸೊಬ್ಬಳು ನಿಂತಿದ್ದಳು. ಅವಳ ಹಿಂದೆ ಕೋಳಿಗಳೆಲ್ಲ ಒಂದೇ ಮೂಲೆಗೆ ಸೇರಿಕೊಂಡಿದ್ದವು.

ಅವಳೇ ನಮ್ಮ ಹಿತ್ತಲ ನೆರೆಯ ಮಾಯವ್ವ. ಅವಳ ತವರಿನವರು ಸನಮಡಿ ಹಳ್ಳಿಯಲ್ಲಿ ಕುರಿ ಕಾಯುವ ಜನ. ಗಂಡ ಜತ್ತದ ಪೇಟೆಯಲ್ಲಿ ಹಮಾಲಿ ಮಾಡಿಕೊಂಡಿದ್ದವನು ಬೇಗ ತೀರಿಹೋಗಿದ್ದ. ಮಕ್ಕಳಿರಲಿಲ್ಲ. ಜವಾರಿ ಕೋಳಿ ಸಾಕಿ ತತ್ತಿ ಮಾರುತ್ತಿದ್ದಳು. ನಮ್ಮದು ಕಿರಾಣಿ ಅಂಗಡಿಯ ಲಿಂಗಾಯತರ ಮನೆ. ತತ್ತಿಯ ಹೆಸರನ್ನು ಕೂಡ ಅಡುಗೆಮನೆಯಲ್ಲಿ ಎತ್ತುವಂತಿಲ್ಲ. ಜೋಳದ ಚೀಲಕ್ಕೆ ಇಲಿ ಬೀಳದಿರಲೆಂದು ಸಾಕಿದ್ದ ಬೆಕ್ಕಿಗೆ ಅತ್ತೆ ಗೌರಿ ಎಂದು ಹೆಸರಿಟ್ಟು, ಹಾಲು ಅನ್ನ ಕಲಸಿ ಹಾಕಿ, ಇಲಿಯನ್ನೇ ಮರೆಯುವಷ್ಟು ಮುದ್ದು ಮಾಡಿದ್ದರು. ಇಲಿ ಮರೆತದ್ದೇನೋ ನಿಜ. ಕೋಳಿ ಮರಿ ನೆನಪಿತ್ತು.

ಒಂದು ಮಧ್ಯಾಹ್ನ ಮಾಯವ್ವ ಮೊರದಲ್ಲಿ ಪುಕ್ಕ ತುಂಬಿಕೊಂಡು ಬಂದು ನಮ್ಮ ಹೊಸ್ತಿಲ ಮುಂದೆ ಇಟ್ಟಳು.

"ನಿಮ್ಮ ಗೌರಿ ಉಂಡ ಎಲಿ ನೋಡ್ರಿ ಅಕ್ಕಾರ. ಎತ್ತಲಾರದ ಹೋಗ್ಯಾಳ."

ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು. "ಶಿವಶಿವಾ! ನಮ್ಮ ಗೌರಿ ಹಾಲು ಅನ್ನ ಬಿಟ್ಟ ಇನ್ನೊಂದ ಮುಟ್ಟಂಗಿಲ್ಲ."

"ಹೌದೇನ್ರಿ? ದೀಕ್ಷಾ ಆಗೇತೇನು? ಕೊಳ್ಳಾಗ ಲಿಂಗ ಕಾಣಲಿಲ್ಲ, ಅದಕ್ಕ ಕೇಳಿದೆ."

ನಾನು ನಗು ತಡೆಯಲಾರದೆ ಒಳಗೆ ಓಡಿದೆ. ಅತ್ತೆ ಅಂಗಳವನ್ನೆಲ್ಲ ತೊಳೆಸಿದರು. ಅಂದಿನಿಂದ ಅವರಿಬ್ಬರಿಗೆ ಮಾತು ಬಂದ್. ಬಂದ್ ಎಂದರೆ, ಇಬ್ಬರೂ ಗೋಡೆಯ ಆಚೀಚೆ ನಿಂತು, ನನಗೆ ಹೇಳುವಂತೆ ನನ್ನ ಹೆಸರು ಹಿಡಿದು, ಒಬ್ಬರಿಗೊಬ್ಬರು ಬೈದುಕೊಳ್ಳುತ್ತಿದ್ದರು.

ಓಣಿಯಲ್ಲಿ ಉಪದೇಶಕ್ಕೆ ಬರಗಾಲವಿರಲಿಲ್ಲ. ಎದುರುಮನೆಯ ಪಿಗ್ಮಿ ಏಜೆಂಟ್ ಮೊಬೈಲಿನಲ್ಲಿ ನೋಡಿದ್ದನ್ನೆಲ್ಲ ಲೋಕಕ್ಕೆ ಹಂಚುವ ಜಾತಿಯವನು. ಬಾಟಲಿಯಲ್ಲಿ ನೀಲಿ ನೀರು ತುಂಬಿ ತೂಗುಹಾಕಿದರೆ ಬೆಕ್ಕು ಹೆದರುತ್ತದೆಂದು ಹೇಳಿ, ತಾನೇ ಬಂದು ಕಟ್ಟಿಹೋದ. ಗೌರಿ ಬಂದು ಅದರ ನೆರಳಲ್ಲಿ ಮಲಗಿತು. "ಉಜಾಲಾ ಹಾಕಿದ್ದ ಚಲೋ ಆತು ಬಿಡು. ಬೆಕ್ಕಿನ ಅರಿವಿ ಬೆಳ್ಳಗ ಆಗ್ತಾವ" ಎಂದಳು ಮಾಯವ್ವ. ಅವನಿಗೆ ಅವಮಾನವಾಯಿತೋ ಏನೋ, ಇನ್ನೊಂದು ದಿನ ಬಂದು, ಮೀನಿನಲ್ಲಿ ಇಲಿ ಪಾಷಾಣ ಕಲಸಿ ಗೋಡೆಯ ಮೇಲಿಟ್ಟುಬಿಡು ಎಂದು ಮೆಲ್ಲಗೆ ಹೇಳಿದ. ಮಾಯವ್ವ ಮೆಲ್ಲಗೆ ಉತ್ತರ ಕೊಡುವವಳಲ್ಲ.

"ಬೆಕ್ಕಿಗೆ ಹಸಿವಿ ಆಗ್ತದ, ಬರ್ತದ. ನಿಮಗೇನ ಬ್ಯಾನಿ ಆಗೇತ್ರಿ ಸಾಹೇಬ್ರ? ಉಂಡ ಹೊಟ್ಟಿ ಐತಿ, ಕೆಲಸ ಇಲ್ಲ. ಎದ್ದ ನಡೀರಿ, ನಿಮ್ಮ ನೆಳ್ಳ ಬಿದ್ದರ ಕೋಳಿ ತತ್ತಿ ಇಡಂಗಿಲ್ಲ."

ಆ ಮಾತು ಗೋಡೆ ದಾಟಿ ಅತ್ತೆಯ ಕಿವಿಗೂ ಬಿತ್ತು. ಆ ಸಂಜೆ ಅವರು ನನ್ನ ಹೆಸರು ಹಿಡಿದು ಬೈಯಲಿಲ್ಲ.

ಕೊನೆಗೆ ಮಾಯವ್ವ ತನ್ನದೇ ಉಪಾಯ ಮಾಡಿದಳು. ದಾಳಿಂಬೆ ತೋಟದವರು ಹಕ್ಕಿ ಕಾಯಲು ಹೊದಿಸಿ, ಹಳೆಯದಾದ ಮೇಲೆ ಬಿಸಾಡಿದ ಬಲೆಯೊಂದನ್ನು ಹೊತ್ತು ತಂದಳು. ಅದನ್ನು ಸೂಜಿ ದಾರದಿಂದ ಹೊಲಿದು, ಗೂಟ ನೆಟ್ಟು ಹಿತ್ತಲಿಗೆಲ್ಲ ಮುಚ್ಚಿಗೆ ಹಾಕಿದಳು. ಕೆಲವು ವಾರ ಓಣಿಯ ಬೆಕ್ಕುಗಳು ಗೋಡೆಯ ಮೇಲೆ ಕೂತು ಕೆಳಗೆ ನೋಡುತ್ತ ದವಡೆ ಅಲ್ಲಾಡಿಸಿದ್ದೇ ಬಂತು.

ಆಮೇಲೊಂದು ಬೆಳಿಗ್ಗೆ ಗೌರಿ ಹಾರಿತು. ಬಲೆಯೊಳಗೆ ತಲೆ ಸಿಕ್ಕಿತು, ಕಾಲು ಸಿಕ್ಕಿತು. ಒದ್ದಾಡಿದಷ್ಟೂ ನೂಲು ಕುತ್ತಿಗೆಗೆ ಬಿಗಿಯಿತು. ಅತ್ತೆ ಗೋಡೆ ಹಿಡಿದು ಚೀರಿದರು. ಓಣಿಯೆಲ್ಲ ಕೂಡಿತು, ಆದರೆ ಯಾರೂ ಕೈಹಾಕಲಿಲ್ಲ. ಪಿಗ್ಮಿ ಏಜೆಂಟ್ ಮೊಬೈಲ್ ಎತ್ತಿ ಹಿಡಿದಿದ್ದ.

ಮಾಯವ್ವ ಕುಡಗೋಲು ತಂದು ಏಣಿ ಹತ್ತಿದಳು. "ಹಿಡೀರಿ, ಚಲೋ ಹಿಡೀರಿ ಫೋಟೋ. ನಿಮ್ಮ ಮಾರಿನೂ ಬರ್ಲಿ ಅದರಾಗ. ಮುಂದ ನಿಮ್ಮನ್ಯಾವರಿಗೆ ಗ್ವಾಡಿಗೆ ಹಾಕಾಕ ಬೇಕಾಗ್ತದ" ಎಂದು ಅವನಿಗೆ ಅಂದವಳೇ, ಬರಿಗೈಯಿಂದ ಬೆಕ್ಕಿನ ಹೆಡಕು ಹಿಡಿದಳು. ಗೌರಿ ಅವಳ ಮುಂಗೈಗೆ ಹಲ್ಲು ಊರಿತು. ರಕ್ತ ಮೊಳಕೈತನಕ ಇಳಿಯಿತು. ಅವಳು ಬಿಡಲಿಲ್ಲ. "ಕಚ್ಚರಿ, ಕಚ್ಚರಿ. ನನ್ನ ಕೋಳಿ ತಿಂದ ಬೆಳೆಸಿದ ಹಲ್ಲ, ಗಟ್ಟಿ ಅದಾವು" ಎನ್ನುತ್ತಲೇ ಅಷ್ಟು ದಿನ ಕೂತು ಹೊಲಿದ ಬಲೆಯನ್ನು ಪರಪರ ಕತ್ತರಿಸಿದಳು. ಬಿಡಿಸಿದ್ದೇ ತಡ, ಗೌರಿ ನಮ್ಮ ಜೋಳದ ಚೀಲಗಳ ಸಂದಿಯಲ್ಲಿ ಸೇರಿಕೊಂಡು ಸಂಜೆತನಕ ಹೊರಬೀಳಲಿಲ್ಲ.

ಅತ್ತೆ ಗೋಡೆಯ ಮೇಲಿಂದ ಅರಿಷಿಣದ ಬಟ್ಟಲು ಚಾಚಿದರು.

"ಅದನ್ನ ಪಲ್ಯಾಕ್ಕ ಹಾಕ್ರಿ" ಎಂದಳು ಮಾಯವ್ವ.

ಅತ್ತೆ ಕೇಳಲಿಲ್ಲ. ರಿಕ್ಷಾ ತರಿಸಿ, ಅವಳನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಸರ್ಕಾರಿ ದವಾಖಾನೆಗೆ ಹೋದರು. ಜೊತೆಗೆ ನಾನಿದ್ದೆ. ಹುಚ್ಚು ಹಿಡಿಯದಂತೆ ಸೂಜಿ ಮಾಡಿಸಿಕೊಳ್ಳಬೇಕು ಎಂದು ನರ್ಸು ಹೇಳಿದಾಗ ಮಾಯವ್ವ ಅವಳನ್ನು ಕೆಳಗಿನಿಂದ ಮೇಲಿನತನಕ ನೋಡಿದಳು. "ಬೆಕ್ಕಿಗೆ ಮಾಡ್ರಿ. ನನ್ನ ಕಚ್ಚೇತಿ, ಅದಕ್ಕ ಏನರ ಆದೀತು." ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಅದುವರೆಗೂ ಕಂಡಿರಲಿಲ್ಲ.

ಮರುದಿನ ಅತ್ತೆ ಗೌರಿಯ ಕೊರಳಿಗೆ ಗೆಜ್ಜೆ ಕಟ್ಟಿದರು. "ಕಳ್ಳಗ ಬ್ಯಾಂಡ್ ಹಚ್ಚಿ ಕಳಸ್ಯಾರ" ಎಂದು ಗೋಡೆಯಾಚೆಯಿಂದ ಬಂತು. ಆದರೆ ಗೆಜ್ಜೆ ಕೇಳಿದ ಕೂಡಲೇ ಕೋಳಿಗಳು ಗೂಡು ಸೇರುವುದನ್ನು ಕಲಿತವು. ಬೈಗುಳ ನಿಲ್ಲಲಿಲ್ಲ. ನನ್ನ ಹೆಸರು ಮಾತ್ರ ನಡುವಿನಿಂದ ಹೋಯಿತು. ಈಗ ನೇರವಾಗಿಯೇ ಬೈದುಕೊಳ್ಳುತ್ತಿದ್ದರು.

ಹೋದ ವರ್ಷ ಮಾಯವ್ವನಿಗೆ ಹೊಟ್ಟೆನೋವು ಹೆಚ್ಚಾಗಿ, ಅವಳ ತಮ್ಮ ಬಂದು ದೊಡ್ಡ ದವಾಖಾನೆಗೆಂದು ಮಿರಜ್‌ಗೆ ಕರೆದೊಯ್ದ. ಕೋಳಿಗಳನ್ನು ಯಾರಿಗೆ ಒಪ್ಪಿಸಬೇಕೆಂದು ಅವನು ಕೇಳುವ ಮೊದಲೇ ಅತ್ತೆ, "ನಾ ಅದೀನಿ" ಎಂದರು. ಗೌರಿಯನ್ನು ಒಳಗೆ ಕೂಡಿಹಾಕಿದರು. ದಿನವೂ ಪೂಜೆ ಮುಗಿಸಿ, ವಿಭೂತಿ ಆರುವ ಮೊದಲೇ ಹಿತ್ತಲಿಗೆ ಹೋಗಿ ಕಾಳು ಚೆಲ್ಲುತ್ತಿದ್ದರು. ಬೇರೆ ಮನೆಗಳ ಬೆಕ್ಕು ಬಂದರೆ ತಂಬಿಗೆ ನೀರು ಎಸೆಯುತ್ತಿದ್ದರು. ತತ್ತಿಗಳನ್ನು ಕೈಯಿಂದ ಮುಟ್ಟದೆ ಸವುಟಿನಲ್ಲಿ ಎತ್ತಿಡುತ್ತಿದ್ದರು. ಆಮೇಲೆ ಸವುಟು ಬಿಟ್ಟರು.

ಮಾಯವ್ವ ಮಿರಜ್‌ನಿಂದ ಬಂದಾಗ ರಿಕ್ಷಾದಿಂದ ಇಳಿಯಲು ಇಬ್ಬರು ಹಿಡಿಯಬೇಕಾಯಿತು. ಸನಮಡಿಗೆ ಹೋಗುವ ಮೊದಲು ಕೋಳಿ ನೋಡಬೇಕೆಂದು ಹಟ ಹಿಡಿದಿದ್ದಳಂತೆ. ಹಿತ್ತಲಲ್ಲಿ ಕೂತು ಒಂದೊಂದನ್ನೇ ನೋಡಿದಳು.

"ಅಕ್ಕಾರ, ಏನ ಹಾಕೀರಿ ಇವಕ್ಕ? ಅಂಗಡಿ ಸೇಠಗೋಳ ಹಂಗ ಹೊಟ್ಟಿ ಬಂದೈತಿ. ಓಡಾಕ ಬರಂಗಿಲ್ಲ. ಬೆಕ್ಕ ಬ್ಯಾಡ, ಆಮಿ ಹಿಡದೀತು."

"ನಿನಕಿಂತಾ ಚಲೋ ನೋಡೀನಿ, ತಿಳೀತಿಲ್ಲ?" ಎಂದರು ಅತ್ತೆ.

"ಹೂಂ, ಕಾಣತೈತಿ" ಎಂದಳು ಮಾಯವ್ವ. ಅವಳ ತಮ್ಮ ಬಂದು ಕೋಳಿಗಳನ್ನು ಬುಟ್ಟಿಗೆ ತುಂಬಿದ. ಅವಳನ್ನು ನಾವು ಕಂಡದ್ದು ಅದೇ ಕೊನೆ.

ಅವಳು ತೀರಿಹೋದ ಸುದ್ದಿ ಬಂದ ಮೇಲೆ ಅತ್ತೆ ಮತ್ತು ನಾನು ಮಾತಾಡಿಸಿಕೊಂಡು ಬರಲು ಸನಮಡಿಗೆ ಹೋದೆವು. ಹೆಂಗಸರು ಕೂತಿದ್ದರು. ಅವಳ ತಮ್ಮನ ಹೆಂಡತಿ ಕಣ್ಣೊರೆಸಿಕೊಳ್ಳುತ್ತ, "ಆಕಳಂಥಾಕಿ ಇದ್ದಳ್ರಿ. ಯಾರಿಗೂ ಒಂದ ಬಿರುಸ ಮಾತ ಆಡಿದಾಕಿ ಅಲ್ಲ" ಎಂದಳು. ಉಳಿದವರು ತಲೆಯಾಡಿಸಿದರು. ಅತ್ತೆ ತಟ್ಟನೆ ತಲೆಯೆತ್ತಿದರು.

"ಸುಳ್ಳ ಹೇಳಬ್ಯಾಡವ್ವಾ. ಆಕೀ ಬಾಯಿ ಎಂಥಾದಂತ ನನಗ ಗೊತ್ತೈತಿ. ದಿನಾ ಬೈಸ್ಕೊಂಡೀನಿ ನಾ. ಅಷ್ಟ ಚಲೋ ಬೈಯಾಕ ನಿಮ್ಮ ಯಾರಿಗೂ ಬರಂಗಿಲ್ಲ."

ಹೇಳುತ್ತ ಹೇಳುತ್ತ ಅವರು ಎಲ್ಲರೆದುರಿಗೆ ಗೊಳೋ ಎಂದು ಅತ್ತರು.