ಭಂಡಾರಕ್ಕೆ ಬಿದ್ದ ಹನಿ

ನನ್ನ ಸಂಶೋಧನೆಯ ಹಣೆಬರಹವೆಲ್ಲ ಇಟ್ಟಿಗಿ ಎಂಬ ಊರಿನ ಮಲ್ಲಿಗೆ ಬಿಡಿಸುವ ಹೆಂಗಸರ ಕೈಯಲ್ಲಿತ್ತು. ಬಿಸಿಲು ಮೈಯನ್ನು ಒಳಗೊಳಗೇ ಸವೆಸುತ್ತದೆ. ಆ ಸವೆತ ತಡೆಯುವ ಒಂದು ಕಿಣ್ವ ರಕ್ತದಲ್ಲಿದೆ. ಅದು ಚಳಿಗಾಲದಲ್ಲಿ ಎಷ್ಟಿರುತ್ತದೆ, ಬೇಸಿಗೆಯಲ್ಲಿ ಎಷ್ಟಾಗುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಅದಕ್ಕೆ ಅದೇ ಹೆಂಗಸರು ಎರಡು ಸಲ ರಕ್ತ ಕೊಡಬೇಕು. ಎರಡನೇ ಸಲ ಬರದಿದ್ದರೆ ಮೊದಲಿನದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಚಳಿಗಾಲದಲ್ಲಿ ಅವರನ್ನು ಒಪ್ಪಿಸಿದವಳು ನನ್ನ ದೊಡ್ಡವ್ವ. ಹೂವು ಬಿಡಿಸುವುದರಲ್ಲೂ ಅವಳೇ ಮುಂದು, ಬಾಯಿಯಲ್ಲೂ ಅವಳೇ ಮುಂದು. ಅವಳದು ಒಂದೇ ಕರಾರು: "ನಮ್ಮ ರಕ್ತದಾಗ ಏನೈತಿ ಅಂತ ನಮ್ಮ ಕಣ್ಣಿಗೆ ತೋರಿಸಬೇಕು ನೋಡು." ಎಲುಬಿಲ್ಲದ ನಾಲಿಗೆ ನನ್ನದು, ಆಯಿತು ಅಂದುಬಿಟ್ಟೆ.

ಪರೀಕ್ಷೆಯ ದಿನ ಬಸ್ ಹಿಡಿದು ಹಗರಿಬೊಮ್ಮನಹಳ್ಳಿಯ ನಮ್ಮ ಪ್ರಯೋಗಾಲಯಕ್ಕೆ ಎಲ್ಲರೂ ಬಂದೇ ಬಂದರು. ಪರೀಕ್ಷೆಯ ತಟ್ಟೆ ನೋಡಿ, "ಇದೇನ ಯವ್ವಾ, ಪಡ್ಡಿನ ಹಂಚು ಇದ್ದಂಗೈತಿ" ಎಂದು ನಕ್ಕರು. ಸುಳ್ಳಲ್ಲ. ತಟ್ಟೆ ತುಂಬ ಸಣ್ಣ ಸಣ್ಣ ಕುಳಿ, ಒಬ್ಬೊಬ್ಬರ ರಕ್ತಕ್ಕೆ ಒಂದೊಂದು. ತಳದಲ್ಲಿ ಪ್ರತಿಕಾಯಗಳು ಕಾದು ಕೂತಿರುತ್ತವೆ. ಆ ಕಿಣ್ವ ಬಂದರೆ ಮಾತ್ರ ಹಿಡಿದುಕೊಳ್ಳುತ್ತವೆ. ತೊಳೆಯುವುದೆಲ್ಲ ಮುಗಿದ ಮೇಲೆ ಬಣ್ಣದ ದ್ರಾವಣ ಬಿಟ್ಟೆ. ಕಿಣ್ವ ಹೆಚ್ಚಿದ್ದ ಕುಳಿ ಹೆಚ್ಚು ನೀಲಿಯಾಗುತ್ತ ಬಂತು. ದೊಡ್ಡವ್ವನದು ಎಲ್ಲರಿಗಿಂತ ಗಾಢ. ಪಂಚಾಯಿತಿ ಚುನಾವಣೆ ಗೆದ್ದವಳ ಹಾಗೆ ಸೆರಗು ಸರಿಮಾಡಿಕೊಂಡು ಸುತ್ತ ನೋಡಿದಳು.

ಹೊತ್ತಾಯಿತೆಂದು, ಬಣ್ಣ ಏರುವುದನ್ನು ನಿಲ್ಲಿಸುವ ಆಮ್ಲ ಹಾಕಿದೆ. ನೀಲಿಯೆಲ್ಲ ಹಳದಿಯಾಯಿತು.

"ಅಯ್ಯ ನಮ್ಮವ್ವಾ, ಕಾಮಣಿ!" ಎಂದು ಒಬ್ಬಳು ಕಾಮಾಲೆ ರೋಗವನ್ನೇ ಕಂಡವಳಂತೆ ಚೀರಿದಳು.

"ಚಲೋ ಇದ್ದ ರಕ್ತ ಕೆಡಿಸಿಬಿಟ್ಟೆಲ್ಲೇ," ಎಂದಳು ದೊಡ್ಡವ್ವ. "ಬ್ಯಾಸಿಗಿಗೆ ನಮ್ಮ ಕಡಿ ಬರಬ್ಯಾಡ."

ಆಮ್ಲ ಯಾಕೆ ಹಾಕಿದೆನೆಂದು ಪಾಠ ಶುರುಮಾಡಿದೆ, ಯಾರೂ ಕಿವಿಗೊಡಲಿಲ್ಲ. ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು ನನಗೆ. ರೇಗಬೇಕೆನ್ನುವಷ್ಟರಲ್ಲಿ ದೊಡ್ಡವ್ವನ ಎಲೆಅಡಿಕೆ ಚೀಲ ಕಣ್ಣಿಗೆ ಬಿತ್ತು. ಮೈಲಾರಪ್ಪನ ಭಂಡಾರ, ಅಂದರೆ ಗುಡಿಯಿಂದ ತಂದ ಅರಿಷಿಣದ ಪುಡಿ, ಅದರಲ್ಲಿ ಸದಾ ಇರುತ್ತದೆ.

"ದೊಡ್ಡವ್ವ, ಒಂಚೂರು ಭಂಡಾರ ಕೊಡು. ಸುಣ್ಣಾನೂ ಕೊಡು."

ಬಿಳಿ ಮುಚ್ಚಳದಲ್ಲಿ ನೀರು ಹಾಕಿ ಎರಡನ್ನೂ ಕಲಸಿದೆ. ಕೆಂಪಾಯಿತು.

"ಇದೇನ್ ಹೊಸಾದು? ಆರತಿ ನೀರು," ಎಂದು ದೊಡ್ಡವ್ವ ಮುಖ ತಿರುವಿದಳು.

ಅದೇ ಆಮ್ಲದ ಬಾಟಲಿಯಿಂದ ಹನಿ ಬಿಟ್ಟೆ. ಕೆಂಪು ಹೋಗಿ ಹಳದಿ ವಾಪಸ್ ಬಂತು. ಎಲ್ಲರೂ ಬಗ್ಗಿ ನೋಡಿದರು.

"ಭಂಡಾರ ಕೆಟ್ಟತೇನು?" ಎಂದು ಕೇಳಿದೆ.

"ಮೈಲಾರಪ್ಪನ ಭಂಡಾರ ಹೆಂಗ ಕೆಡತೈತಿ!"

"ನಿಮ್ಮ ರಕ್ತಾನೂ ಕೆಟ್ಟಿಲ್ಲ. ಎಲ್ಲಾರ ಬಣ್ಣಾನೂ ಒಂದ ಹೊತ್ತಿಗೆ ನಿಲ್ಲಿಸಿದ್ರಷ್ಟ ಅಳಿಯಾಕ ಬರತೈತಿ."

ದೊಡ್ಡವ್ವ ತಟ್ಟೆಯನ್ನು ಮತ್ತೊಮ್ಮೆ ನೋಡಿದಳು. "ಹಂಗಾರ ಹಳದಿನೂ ನಂದ ಜಾಸ್ತಿ ಐತಿ," ಎಂದಳು. ಬೇಸಿಗೆಯ ಮಾತು ಮಾತ್ರ ಎತ್ತಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಹೊರಟೇಬಿಟ್ಟರು.

ಬೇಸಿಗೆ ಬಂತು. ಐಸ್ ಡಬ್ಬಿ, ಸೂಜಿ ಹಿಡಿದು ಇಟ್ಟಿಗಿಯ ಶಾಲೆಯ ಜಗಲಿಯಲ್ಲಿ ಕೂತೆ. ಒಂದು ನರಪಿಳ್ಳೆ ಇಲ್ಲ. ಐಸ್ ಕರಗುತ್ತಿತ್ತು, ಇನ್ನು ಸ್ವಲ್ಪ ಹೊತ್ತಾಗಿದ್ದರೆ ನಾನೂ ಅತ್ತುಬಿಡುತ್ತಿದ್ದೆ. ಅಷ್ಟರಲ್ಲಿ ದೊಡ್ಡವ್ವ ಬಂದಳು, ಹಿಂದೆ ಅವರೆಲ್ಲರೂ. ಅವಳ ಕೈಯಲ್ಲಿ ಆರತಿ ತಟ್ಟೆ, ಅದರ ತುಂಬ ಕೆಂಪು ನೀರು.

"ಬಿಸಿಲಾಗ ಊರೂರು ಅಡ್ಡಾಡ್ತಿ, ಯಾರ ಕಣ್ಣು ಬಿದ್ದೈತೋ ಏನೋ," ಎನ್ನುತ್ತ ನನಗೆ ನಿವಾಳಿಸಿದಳು. ನೀರು ಚೆಲ್ಲಲು ಹೋಗುವವಳು ತಿರುಗಿ ನಿಂತು ನನ್ನ ಚೀಲವನ್ನು ಅನುಮಾನದಿಂದ ನೋಡಿದಳು.

"ಇದಕ್ಕ ಆ ನಿನ್ನ ಹನಿ ಹಾಕೀಯ ಮತ್ತ! ಹೋದ ದೃಷ್ಟಿ ವಾಪಸ್ ಬಂದೀತು."

ನೀರು ಚೆಲ್ಲಿ ಬಂದು ನನ್ನ ಮುಂದೆ ಕೂತಳು. ಕೈ ಚಾಚಿದಳು.