ಮೋನರ ಮದ್ದಳೆಗೆ ನನ್ನ ಬುತ್ತಿ

ಇಂಗ್ಲೆಂಡಿನ ಲಫ್‌ಬರೋದಿಂದ ಹಡರ್ಸ್‌ಫೀಲ್ಡಿಗೆ ಹೊರಟ ಆ ಶನಿವಾರ ಬೆಳಿಗ್ಗೆ ನನಗೆ ಸಂಗೀತದ ಮೇಲೆ ಯಾವ ಆಸೆಯೂ ಇರಲಿಲ್ಲ. 2007ರ ನವೆಂಬರ್. ಹೊರಗೆ ಮೂಳೆ ಕೊರೆಯುವ ಚಳಿ, ಮೇಜಿನ ಮೇಲೆ ಮುಗಿಯದ ಥೀಸಿಸ್. ಆದರೆ ವಿದ್ಯಾ ಬಿಡಬೇಕಲ್ಲ! ಮೈಸೂರಿನ ಈ ಗೆಳತಿ ಹಡರ್ಸ್‌ಫೀಲ್ಡಿನಲ್ಲಿ ಓದುತ್ತಿದ್ದಳು, ಬಿಡುವಿನಲ್ಲಿ ಬರ್ಮಾದಿಂದ ಬಂದ ನಿರಾಶ್ರಿತರಿಗೆ ಇಂಗ್ಲಿಷ್ ಕಲಿಸುತ್ತಿದ್ದಳು. "ಮೋನ್ ಜನ ಕಣೇ, ಬರ್ಮಾದಲ್ಲಿ ತುಂಬಾ ಹಳಬ್ರು. ಅವರ ವಾದ್ಯಮೇಳ ಇದೆ. ನೀನು ಬರ್ಲಿಲ್ಲ ಅಂದ್ರೆ ನಿನ್ ಜೊತೆ ಮಾತೇ ಆಡಲ್ಲ ನೋಡು," ಎಂದು ಫೋನಿನಲ್ಲಿ ಹೆದರಿಸಿದಳು.

ರೈಲ್‌ಕಾರ್ಡಿನ ರಿಯಾಯಿತಿ ಇದ್ದರೂ ಟಿಕೆಟ್ ದುಬಾರಿಯೇ. ಸ್ಟೇಷನ್ನಿನ ಸ್ಯಾಂಡ್‌ವಿಚ್‌ಗೂ ಹಣ ಸುರಿಯುವ ಮನಸ್ಸಾಗದೆ ಡಬ್ಬಿಯಲ್ಲಿ ಅನ್ನ ಹಾಕಿಕೊಂಡೆ. ಮೊದಲೇ ಕಲಸಿದರೆ ಬ್ಯಾಗಿನಲ್ಲಿ ಚೆಲ್ಲೀತೆಂದು ಮೊಸರನ್ನು ಬೇರೆಯಾಗಿಯೇ ಇಟ್ಟೆ. ಕುಕ್ಕರನ್ನು ಒಂದೆರಡು ಸಲ ಹೆಚ್ಚಾಗಿ ಕೂಗಿಸಿ ಅನ್ನವನ್ನು ಮೆತ್ತಗೆ ಮುದ್ದೆ ಮಾಡುವುದು ನಮ್ಮ ಮನೆಯ ರೂಢಿ. ವಿದ್ಯಾ ಅದಕ್ಕೆ ಇಟ್ಟ ಹೆಸರು 'ಗೋಂದು'.

ಶೆಫೀಲ್ಡಿನಲ್ಲಿ ಇಳಿದು ಎರಡೇ ಬೋಗಿಯ ಪುಟ್ಟ ರೈಲು ಹಿಡಿದೆ. ಹಳೆಯ ಬಸ್ಸಿಗೆ ರೈಲಿನ ಗಾಲಿ ಹಾಕಿದಂತಿತ್ತು. ತಿರುವು ಬಂದಾಗಲೆಲ್ಲ ಕಿರುಗುಟ್ಟುತ್ತಿತ್ತು. ಬಾರ್ನ್ಸ್‌ಲಿ ದಾಟಿದ ಮೇಲೆ ಗುಡ್ಡಗಳು, ಕಲ್ಲಿನ ಬೇಲಿಗಳು, ಮಂಜಿನಲ್ಲಿ ಕದಲದೆ ನಿಂತ ಕುರಿಗಳು. ಹೀಟರ್ ನನ್ನ ಎಡಗಾಲನ್ನು ಮಾತ್ರ ಬಿಸಿ ಮಾಡಿತು. ಹಡರ್ಸ್‌ಫೀಲ್ಡಿನಲ್ಲಿ ವಿದ್ಯಾ ಛತ್ರಿ ಹಿಡಿದು ಕಾಯುತ್ತಿದ್ದಳು. ಕಾಲುವೆಯ ಪಕ್ಕದ ಹಳೆಯ ಚರ್ಚ್ ಹಾಲ್‌ಗೆ ನಡೆದೇ ಹೋದೆವು.

ಒಳಗೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟೆ. ನೆಲದ ಮೇಲೆ ಕೆಂಪು, ಚಿನ್ನದ ಬಣ್ಣದ ಮರದ ಅರ್ಧಚಂದ್ರ ಎದ್ದು ನಿಂತಿತ್ತು. ಅದರ ಒಳಬದಿಗೆ ಸಾಲಾಗಿ ಕಂಚಿನ ಜಾಗಟೆಗಳು, ಒಂದು ತುದಿಯಲ್ಲಿ ಕೆತ್ತಿದ ಕಿನ್ನರಿ. ನಮ್ಮ ದೇವಸ್ಥಾನದ ಗೋಡೆಯ ಕಿನ್ನರಿ ಯಾರ್ಕ್‌ಶೈರಿನಲ್ಲಿ ಎದುರಾಗುತ್ತಾಳೆಂದು ಯಾರು ಎಣಿಸಿದ್ದರು? ಪಕ್ಕದ ಚೌಕಟ್ಟಿನಲ್ಲಿ ಸ್ವರಕ್ಕೊಂದರಂತೆ ತೂಗುಹಾಕಿದ ಮದ್ದಳೆಗಳಿದ್ದವು. ಥಾಯ್ಲೆಂಡಿನ ಮೋನ್ ನೆಂಟರು ಎಲ್ಲವನ್ನೂ ಹಡಗಿನಲ್ಲಿ ಕಳಿಸಿದ್ದರಂತೆ.

ಮದ್ದಳೆಗಳ ಮುಂದೆ ಐವತ್ತು ದಾಟಿದ ಒಬ್ಬರು ತಲೆ ಹಿಡಿದು ಕುಳಿತಿದ್ದರು. ಅವರ ಹೆಸರು ನಾಯ್ ಚಾನ್. 'ನಾಯ್' ಎನ್ನುವುದು ಗಂಡಸರಿಗೆ ಮೋನರು ಗೌರವದಿಂದ ಸೇರಿಸುವ ಮಾತು. ವಿದ್ಯಾ ಪಿಸುಗುಟ್ಟಿ ವಿಷಯ ಹೇಳಿದಳು. ಅವರ ತಾಯಿ ಥಾಯ್ಲೆಂಡ್ ಗಡಿಯ ನಿರಾಶ್ರಿತರ ಶಿಬಿರದಲ್ಲಿ ತೀರಿಕೊಂಡಿದ್ದರು. ಅವರ ಕಡೆ ಈ ಮೇಳವಿಲ್ಲದೆ ಹಿರಿಯರನ್ನು ಕಳಿಸಿಕೊಡುವುದಿಲ್ಲ. ಶಿಬಿರದಲ್ಲಿ ವಾದ್ಯ ಎಲ್ಲಿಂದ ಬರಬೇಕು? ತಾಯಿಯನ್ನು ಸದ್ದಿಲ್ಲದೆ ಸುಟ್ಟು ಬಂದಿದ್ದರು. ಇವತ್ತಿನ ಮೇಳ ಆ ತಾಯಿಗಾಗಿ.

ಅಂಥ ದಿನವೇ ಮದ್ದಳೆಗಳು ಕೈಕೊಟ್ಟಿದ್ದವು. ಮೃದಂಗದ ಎಡಕ್ಕೆ ನಮ್ಮವರು ರವೆ ಮೆತ್ತುವಂತೆ, ಇವರು ಅನ್ನಕ್ಕೆ ಬೂದಿ ಕಲಸಿ ಚರ್ಮಕ್ಕೆ ಮೆತ್ತುತ್ತಾರೆ. ಆಗಲೇ ಸ್ವರ ಕೂಡುವುದು. ಯಾರೋ ಪುಣ್ಯಾತ್ಮರು ಸೂಪರ್‌ಮಾರ್ಕೆಟ್ಟಿನ ಉದ್ದ ಕಾಳಿನ ಅಕ್ಕಿಯನ್ನು ಬೇಯಿಸಿ ತಂದಿದ್ದರು. ಅಗುಳು ಅಗುಳಾಗಿ ನಿಲ್ಲುವ ಅಕ್ಕಿ. ಎಷ್ಟು ಹಿಸುಕಿದರೂ ಅಂಟದೆ ಉದುರಿ ಬೀಳುತ್ತಿತ್ತು. ಬೂದಿಯೂ ಎಲ್ಲಿಯದೋ ಆಗಿರಲಿಲ್ಲ, ಅವರ ಅಮ್ಮನ ಒಲೆಯದು. ಶಿಬಿರ ಬಿಡುವಾಗ ನಾಯ್ ಚಾನ್ ಅದನ್ನು ತಗಡಿನ ಡಬ್ಬಿಯಲ್ಲಿ ತುಂಬಿಕೊಂಡು ಬಂದಿದ್ದರು. ಅರ್ಧದಷ್ಟು ಆಗಲೇ ವ್ಯರ್ಥವಾಗಿತ್ತು. ಇನ್ನೊಂದು ಸಲಕ್ಕಾಗುವಷ್ಟು ಮಾತ್ರ ತಳದಲ್ಲಿತ್ತು.

ವಿದ್ಯಾ ಥಟ್ಟನೆ ನನ್ನತ್ತ ತಿರುಗಿದಳು. "ಏ, ನಿನ್ ಗೋಂದು ಎಲ್ಲೇ? ಡಬ್ಬಿ ತೆಗಿ!"

"ತಮಾಷೆ ಮಾಡ್ಬೇಡ. ಮಧ್ಯಾಹ್ನದ ಊಟ ಅದು."

"ಲೇ, ಮೊದ್ಲು ತೆಗಿಯೇ."

ನಾಯ್ ಚಾನ್ ಒಂದು ಚಿಟಿಕೆ ಅನ್ನವನ್ನು ಬೆರಳುಗಳ ನಡುವೆ ಉಜ್ಜಿದರು. ಬೆರಳು ಬಿಡಿಸಿದಾಗ ಅನ್ನ ಎಳೆಎಳೆಯಾಗಿ ಅಂಟಿಕೊಂಡಿತು. ಅವರು ನನ್ನನ್ನೇ ನೋಡಿ ಹರಕು ಇಂಗ್ಲಿಷಿನಲ್ಲಿ, "ಇದು ನಿಮ್ಮ ಊಟ ಅಲ್ಲವೇ?" ಎಂದು ಕೇಳಿದರು. ನನಗೆ ಹಸಿವಿಲ್ಲ ಎಂದೆ. ಹೊಟ್ಟೆ ಚುರುಗುಟ್ಟುತ್ತಿತ್ತು.

ಉಳಿದ ಬೂದಿಯನ್ನೆಲ್ಲ ಸುರಿದು ಕಲಸಿದರು. ಮೆತ್ತುವುದು, ತಟ್ಟುವುದು, ಕಿವಿಗೊಡುವುದು, ಉಗುರಿನಷ್ಟು ತೆಗೆಯುವುದು. ಕೊನೆಯ ಮದ್ದಳೆಯೂ ಜಾಗಟೆಯ ಸ್ವರಕ್ಕೆ ಕೂಡಿದಾಗ ನನ್ನ ಎದೆಯ ಭಾರವೂ ಇಳಿಯಿತು.

ವಾದ್ಯ ಕಲಿಸಿದ ಗುರುಗಳಿಗೆ ದೀಪ ಹಚ್ಚಿ, ತೆಂಗಿನಕಾಯಿ, ಬಾಳೆಹಣ್ಣು ಇಟ್ಟು ಕೈಮುಗಿದ ಮೇಲೆ ಮೇಳ ಆರಂಭವಾಯಿತು. ಲೋಹದ ಬಾಯಿಯನ್ನು ದಾರದಿಂದ ಸಡಿಲವಾಗಿ ಕಟ್ಟಿದ ಉದ್ದನೆಯ ಓಲಗ ಮೊದಲು ಎದ್ದಿತು. ಅದರ ದನಿ ಅಳುವಿಗೆ ತೀರ ಹತ್ತಿರ. ಹಿಂದೆಯೇ ಜಾಗಟೆಗಳು ಒಂದರ ನೆರಳಲ್ಲಿ ಒಂದು ಮೊಳಗಿದವು; ತಾಳ ಸಣ್ಣಗೆ ಮಿಂಚುತ್ತಿತ್ತು. ಕೆಳಗಿನಿಂದ ಮದ್ದಳೆಗಳು ಮಾತಾಡತೊಡಗಿದವು, ಹೌದು, ಮಾತೇ ಆಡಿದವು. ನಾಯ್ ಚಾನ್ ಕಣ್ಣು ಮುಚ್ಚಿದ್ದರು. ಕಿಟಕಿಯ ಗಾಜು ನಡುಗಿತು, ನನ್ನ ಮೈ ಜುಮ್ಮೆಂದಿತು. ರಾಗ ಗೊತ್ತಿಲ್ಲ, ತಾಳ ಎಣಿಸಲಾಗಲಿಲ್ಲ. ಆದರೂ ಯಾರನ್ನೋ ಕೈಹಿಡಿದು ಬಾಗಿಲವರೆಗೆ ಕರೆದೊಯ್ಯುತ್ತಿದ್ದಾರೆ ಎಂಬುದು ತಿಳಿಯಿತು. ಇಷ್ಟು ದೊಡ್ಡದೊಂದು ಈ ಲೋಕದಲ್ಲಿದೆ ಎನ್ನುವುದೇ ಗೊತ್ತಿಲ್ಲದೆ ಇಷ್ಟು ವರ್ಷ ಬದುಕಿದ್ದೆನಲ್ಲ! ವಿದ್ಯಾ ಮೂಗು ಒರೆಸಿಕೊಳ್ಳುತ್ತಿದ್ದಳು, ನಾನೂ ಅತ್ತೆ.

ಮುಗಿದ ಮೇಲೆ ಮೆತ್ತಿದ್ದನ್ನೆಲ್ಲ ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಚರ್ಮ ಹಾಳಾಗುತ್ತದೆ. ನಾಯ್ ಚಾನ್ ಅದನ್ನು ಕಸಕ್ಕೆ ಹಾಕಲಿಲ್ಲ. ಎಲ್ಲವನ್ನೂ ಸೇರಿಸಿ ಅಂಗೈಯಲ್ಲಿ ಉಂಡೆ ಕಟ್ಟಿದರು. ಅನ್ನ, ಬೂದಿ, ದುಂಡಗಿನ ಉಂಡೆ. ವಿದ್ಯಾ ನನ್ನ ಮುಖ ನೋಡಿದಳು. ನಮ್ಮಿಬ್ಬರಿಗೂ ಬಾಯಿಗೆ ಬಂದ ಮಾತು 'ಪಿಂಡ', ಇಬ್ಬರೂ ಆಡಲಿಲ್ಲ.

ಅವರ ಹಿಂದೆ ಕಾಲುವೆಯವರೆಗೆ ಹೋದೆವು. ಇದೂ ನಿಮ್ಮ ಪದ್ಧತಿಯೇ ಎಂದು ವಿದ್ಯಾ ಕೇಳಿದಳು. ಅಲ್ಲವಂತೆ; ಇವತ್ತು ಹೀಗೆ ಮಾಡಬೇಕು ಅನ್ನಿಸಿತಂತೆ. ಬಗ್ಗಿ ಉಂಡೆಯನ್ನು ನೀರಿಗೆ ಬಿಟ್ಟರು. ಅದು ಬೂದುಬಣ್ಣದ ಕಾಲುವೆಯಲ್ಲಿ ನಿಧಾನವಾಗಿ ಕರಗಿ ಮುಳುಗಿತು.

ಸಂಜೆಯ ರೈಲಿಗೆ ಬೀಳ್ಕೊಡಲು ನಾಯ್ ಚಾನ್ ಕೂಡ ಸ್ಟೇಷನ್ನಿಗೆ ಬಂದರು. ನನ್ನ ಡಬ್ಬಿಯನ್ನು ತೊಳೆದು, ಒರೆಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. "ಇವತ್ತು ನೀವು ಉಪವಾಸ," ಎಂದರು. ಮುಂದಿನ ಪದಗಳಿಗಾಗಿ ತುಸು ಹುಡುಕಾಡಿ, "ನನ್ನ ಅಮ್ಮ ಊಟ ಮಾಡಿದಳು," ಎಂದರು.

ರೈಲು ಹೊರಟ ಮೇಲೆ ಬರಿಯ ಮೊಸರು ತಿನ್ನುತ್ತಾ ಕಿಟಕಿಯಿಂದ ಹಿಂತಿರುಗಿ ನೋಡಿದೆ. ಪ್ಲ್ಯಾಟ್‌ಫಾರ್ಮಿನ ತುದಿಯಲ್ಲಿ ಅವರು ಇನ್ನೂ ಕೈಮುಗಿದು ನಿಂತಿದ್ದರು.