ಟೀವಿಯಲ್ಲಿ ಮೊದಲಿಗ ದುಂಡಪ್ಪ

೨೦೦೪ರಲ್ಲಿ ಅತ್ತೆ ನೀಲವ್ವ, ಮಾವ ದುಂಡಪ್ಪ ಗೋಕಾಕದಿಂದ ಜರ್ಮನಿಯ ರೇಗನ್ಸ್‌ಬರ್ಗಿನ ನಮ್ಮ ಮನೆಗೆ ಬಂದಿದ್ದರು. ನನ್ನ ಮಗಳು ಟೀವಿಗೆ ಜೋಡಿಸಿದ ಪ್ಲೇಸ್ಟೇಷನ್ನಿನ ಹಾಡಿನ ಆಟದ ಮುಂದೆ ಮೈಕ್ ಹಿಡಿದು ಕಿರುಚುವ ಪಾಪ್ ಹಾಡುಗಳಿಂದ ನನಗೆ ತಲೆಶೂಲೆ. ಅತ್ತೆಗೆ ಮಾತ್ರ ರೊಟ್ಟಿ ಬಡಿಯುತ್ತಲೇ ಅವುಗಳ ಧಾಟಿ ಬಾಯಿಗೆ ಬಂದಿತ್ತು.

ಒಂದು ಭಾನುವಾರ ಪಕ್ಕದ ಮನೆಯವರು ಬಂದಾಗ ಅತ್ತೆಯೇ ಮೈಕ್ ಹಿಡಿದರು. ಇಂಗ್ಲಿಷ್ ಪದಗಳ ಗೊಡವೆಗೆ ಹೋಗದೆ ಸೋಬಾನೆ ಪದದ ಹಾಗೆ ‘ಸೋ’ ಎನ್ನುತ್ತಲೇ ಹಾಡು ಮುಗಿಸಿದರು. ಆ ಆಟ ಅಳೆಯುವುದು ಸ್ವರವನ್ನಷ್ಟೇ. ಮೊದಲ ಸ್ಥಾನ ಬಂತು.

ಟೀವಿಯಲ್ಲಿ ಮೂಡಿದ ಗೆದ್ದವರ ಪಟ್ಟಿಗೆ ಸೇರಿಸಲು ಮಗಳು ಹೆಸರು ಕೇಳಿದಳು.

“ನಾಕು ಮಂದಿ ಮುಂದ ನನ್ನ ಹೆಸರು ಯಾಕವ್ವಾ? ನಿಮ್ಮಜ್ಜಂದು ಹಾಕು,” ಎಂದ ಅತ್ತೆ, ಮದುವೆಮನೆಯಲ್ಲಿ ಹೇಳುವಂತೆ ಪ್ರಾಸದ ಒಡಪು ಕಟ್ಟಿ ಅದರೊಳಗೆ ಗಂಡನ ಹೆಸರು ಹೇಳಿದರು.

ಜೋಗುಳವನ್ನೂ ಹಾಡಿರದ ಮಾವ ಆಮೇಲೆ ಬಂದವರಿಗೆಲ್ಲ ಆ ಪಟ್ಟಿ ತೋರಿಸುತ್ತಿದ್ದರು. ಹಾಡಿದ್ದು ಯಾರೆಂದು ಮಾತ್ರ ಹೇಳುತ್ತಿರಲಿಲ್ಲ.